ಹೂವಿತ್ತು, ಕಾಯಿ ಕಚ್ಚಲಿಲ್ಲ

ವಿದ್ಯಾರಣ್ಯಪುರದ ನಮ್ಮ ಮನೆಯ ಹಿತ್ತಲಿನಲ್ಲಿ ಅರ್ಕಾ ಸಹನ್ ಸೀತಾಫಲದ ಕಸಿಗಿಡವೊಂದಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ ಅದು. ಮೂರು ವರ್ಷ ಮೈತುಂಬ ಹೂ ಬಿಟ್ಟಿತು, ಒಂದು ಕಾಯಿಯೂ ನಿಲ್ಲಲಿಲ್ಲ. ಗೊಬ್ಬರ ಸಾಲದೆಂದು ಹಾಕಿದೆ, ನೀರು ಸಾಲದೆಂದು ಹೊಯ್ದೆ. ಬೆಳಗಾದರೆ ಬುಡದಲ್ಲಿ ಹಳದಿ ಎಸಳುಗಳ ರಾಶಿ.

ಕೊರತೆ ಪರಾಗಸ್ಪರ್ಶದ್ದಾಗಿತ್ತು. ಸೀತಾಫಲದ ಹೂವಿನಲ್ಲಿ ಹೆಣ್ಣು ಭಾಗ ಮೊದಲು ಸಿದ್ಧವಾಗುತ್ತದೆ. ಅದೇ ಹೂವು ಪರಾಗ ಬಿಡುವ ಹೊತ್ತಿಗೆ ಆ ಭಾಗದ ಕಾಲ ಮುಗಿದಿರುತ್ತದೆ. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಒಯ್ಯುವ ಪುಟ್ಟ ಜೀರುಂಡೆಗಳನ್ನು ನಮ್ಮ ಹಿತ್ತಲಿನಲ್ಲಿ ನಾನು ಕಂಡದ್ದೇ ಅಪರೂಪ.

ಈಗ ಫೆಬ್ರವರಿಯಲ್ಲಿ ಎಲೆ ಉದುರತೊಡಗಿದಾಗ ನೀರು ಕಡಿಮೆ ಮಾಡುತ್ತೇನೆ. ಅಂಟಿಕೊಂಡೇ ಇರುವ ಹಳೆಯ ಎಲೆಗಳನ್ನು ಕೈಯಿಂದ ಕೀಳುತ್ತೇನೆ. ಮುಂದಿನ ಚಿಗುರಿನ ಮೊಗ್ಗು ಅಡಗಿರುವುದು ಎಲೆಯ ತೊಟ್ಟಿನ ಬುಡದೊಳಗೇ. ಎಲೆ ಬಿದ್ದರೆ ಮಾತ್ರ ಅದಕ್ಕೆ ದಾರಿ. ಮಾರ್ಚ್ ಆರಂಭದಲ್ಲಿ ಕೊಂಬೆಗಳ ತುದಿ ಸವರುತ್ತೇನೆ. ಯುಗಾದಿ ಕಳೆದು ಒಂದೆರಡು ಮಾವಿನ ಮಳೆ ಬಿದ್ದರೆ ಹೊಸ ಚಿಗುರಿನೊಂದಿಗೆ ಹೂವು ಬರುತ್ತದೆ.

ಪರಾಗಕ್ಕೆ ಎದುರು ಮನೆಯ ನಾಟಿ ಸೀತಾಫಲವೇ ಆಸರೆ. “ಹೂ ಎಷ್ಟಾದರೂ ಕಿತ್ತುಕೋಪ್ಪಾ, ಹಣ್ಣಾದಾಗ ಎರಡು ಕೊಡು” ಎಂದರು ಆ ಮನೆಯ ಅಜ್ಜಿ. ಸಂಜೆ ಎಸಳು ಅಗಲವಾಗಿ ಬಿಚ್ಚಿದ ಹೂಗಳನ್ನು ಕಿತ್ತು ಕಾಗದದ ಮೇಲೆ ಹರಡಿಟ್ಟರೆ, ಬೆಳಗಿನ ಹೊತ್ತಿಗೆ ಪುಡಿ ಉದುರಿರುತ್ತದೆ. ಎಂಟು ಗಂಟೆಯೊಳಗೆ, ಚಿತ್ರ ಬರೆಯುವ ಸಣ್ಣ ಕುಂಚದಿಂದ, ಆಗಷ್ಟೇ ಅರೆ ಬಿರಿದ ಹೂಗಳೊಳಗೆ ಸವರುತ್ತೇನೆ. ಕುಂಚವನ್ನು ಸುತ್ತಲೂ ತಿರುಗಿಸಲೇಬೇಕು. ಮೊದಲ ವರ್ಷ ಒಂದೇ ಬದಿಗೆ ತಾಗಿಸಿದ್ದರಿಂದ ಹಣ್ಣುಗಳು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಚಪ್ಪಟೆಯಾದವು. ಪರಾಗ ತಲುಪಿದ ಕಣ್ಣುಗಳಷ್ಟೇ ತುಂಬಿಕೊಳ್ಳುತ್ತವೆ. ಕಳೆದ ವರ್ಷ ನಲವತ್ತು ಹೂವಿಗೆ ಸವರಿ ಹತ್ತೊಂಬತ್ತು ಕಾಯಿ ಉಳಿಸಿಕೊಂಡೆ. ಸೆಪ್ಟೆಂಬರಿನಲ್ಲಿ ಅಜ್ಜಿಗೆ ಎರಡಲ್ಲ, ನಾಲ್ಕು ಹಣ್ಣು ಕೊಟ್ಟುಬಂದೆ.

ಕಾಂಪೌಂಡಿನ ಮೇಲೆ ಹಬ್ಬಿಸಿದ ಹಳದಿ ಪ್ಯಾಷನ್ ಫ್ರೂಟ್ ಬಳ್ಳಿಯಲ್ಲೂ ಇದೇ ಪಾಡಾಗಿತ್ತು. ಹಳದಿ ಜಾತಿಗೆ ತನ್ನದೇ ಪರಾಗ ಒಗ್ಗುವುದಿಲ್ಲ. ನಾನು ನೆಟ್ಟದ್ದು ಎರಡು ಬಳ್ಳಿ, ಆದರೆ ಎರಡೂ ಒಂದೇ ತಾಯಿಬಳ್ಳಿಯ ಕಡ್ಡಿಗಳು, ಅಂದರೆ ಒಂದೇ ಗಿಡವಿದ್ದಂತೆ. ಬೀಜದಿಂದ ಬೆಳೆಸಿದ ಇನ್ನೊಂದು ಬಳ್ಳಿಯನ್ನು ಜೊತೆಗೆ ಹಬ್ಬಿಸಿದ ಮೇಲೆ ಕಾಯಿ ಕಚ್ಚಿತು. ಅಲ್ಲಿ ಕುಂಚದ ಕೆಲಸ ನನಗಿಲ್ಲ. ಹೂವು ಅರಳುವ ಮಧ್ಯಾಹ್ನದ ಹೊತ್ತಿಗೆ ದೊಡ್ಡ ಕಪ್ಪು ದುಂಬಿಗಳು ತಾವಾಗಿಯೇ ಬರುತ್ತವೆ. ಮೂಲೆಯಲ್ಲಿ ಒಣಗಿ ನಿಂತ ನುಗ್ಗೆಯ ಕಾಂಡವನ್ನು ಕಡಿಸದೆ ಬಿಟ್ಟಿದ್ದೇನೆ, ಅವು ಅದರಲ್ಲೇ ತೂತು ಕೊರೆದು ಗೂಡು ಮಾಡಿಕೊಂಡಿವೆ.