ಕಾಲು ಬಾತಾಗ, ಎದೆ ಹಿಡಿದಾಗ: ರಕ್ತದ ಹೆಪ್ಪನ್ನು ವೈದ್ಯರು ಪತ್ತೆ ಹಚ್ಚುವ ಬಗೆ

ವಿಜಯಪುರದಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗಿಬಂದವರ ಒಂದು ಕಾಲು ಬಾತುಕೊಂಡರೆ, "ಕುಂತು ಕುಂತು ಹಿಂಗಾಗೈತಿ, ಎಣ್ಣಿ ಹಚ್ಚಿ ತಿಕ್ಕಿದ್ರ ಇಳೀತೈತಿ" ಎಂದು ಸಮಾಧಾನ ಹೇಳುವುದು ನಮ್ಮ ಭಾಗದ ಮನೆಗಳಲ್ಲಿ ರೂಢಿ. ಎರಡೂ ಕಾಲು ಬಾಯಲು ಬೇರೆ ಕಾರಣಗಳು ಹಲವಿವೆ. ಆದರೆ ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ, ಆಳದ ಅಭಿಧಮನಿಯಲ್ಲಿ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ) ರಕ್ತ ಹೆಪ್ಪುಗಟ್ಟಿರಬಹುದೆಂಬ ಸಂಶಯ ಮೊದಲು ಮೂಡಬೇಕು. ಅಂಥ ಕಾಲನ್ನು ತಿಕ್ಕಬಾರದು. ಕಳಚಿಕೊಂಡ ಹೆಪ್ಪು ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಈ ರೋಗದ ಪತ್ತೆ ಯಂತ್ರದಿಂದಲ್ಲ, ಪ್ರಶ್ನೆಗಳಿಂದ ಆರಂಭವಾಗುತ್ತದೆ. ಕಳೆದ 12 ವಾರಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಆಗಿದೆಯೇ, 3 ದಿನ ಅಥವಾ ಹೆಚ್ಚು ಕಾಲ ಹಾಸಿಗೆ ಹಿಡಿದಿದ್ದೀರಾ, ಕ್ಯಾನ್ಸರ್ ಚಿಕಿತ್ಸೆ ನಡೆದಿದೆಯೇ, ಹಿಂದೊಮ್ಮೆ ಹೀಗಾಗಿತ್ತೇ ಎಂದು ವೈದ್ಯರು ಕೇಳಿ, ಟೇಪಿನಿಂದ ಎರಡೂ ಮೀನಖಂಡಗಳ ಸುತ್ತಳತೆ ತೆಗೆಯುತ್ತಾರೆ. ಒಂದಕ್ಕಿಂತ ಇನ್ನೊಂದು 3 ಸೆಂಟಿಮೀಟರಿಗಿಂತ ಹೆಚ್ಚು ದಪ್ಪವಾಗಿದ್ದರೆ ಅದಕ್ಕೂ ಅಂಕವುಂಟು. ಈ ಎಲ್ಲ ಅಂಕಗಳನ್ನು ಕೂಡಿಸುವ ಲೆಕ್ಕಕ್ಕೆ 'ವೆಲ್ಸ್ ಸ್ಕೋರ್' ಎಂದು ಹೆಸರು. ಆದ್ದರಿಂದ ದವಾಖಾನೆಗೆ ಹೊರಡುವ ಮುನ್ನ ಬಾವು ಯಾವ ದಿನ ಕಾಣಿಸಿತು, ಯಾವ ಗುಳಿಗೆ ನಡೆದಿವೆ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಮುಟ್ಟನ್ನು ಮುಂದೂಡಲು ಇಲ್ಲವೇ ಗರ್ಭ ತಡೆಯಲು ನುಂಗುವ ಹಾರ್ಮೋನ್ ಗುಳಿಗೆಗಳ ವಿಷಯವನ್ನು ಹೆಣ್ಣುಮಕ್ಕಳು ಸಂಕೋಚಪಟ್ಟು ಮುಚ್ಚಿಡಬಾರದು. ಅವುಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುತ್ತವೆ.

ಅಂಕ ಕಡಿಮೆ ಇದ್ದರೆ ಡಿ-ಡೈಮರ್ ಎಂಬ ರಕ್ತಪರೀಕ್ಷೆ ಉಪಯುಕ್ತ. ಹೆಪ್ಪು ಕರಗುವಾಗ ಹುಟ್ಟುವ ತುಣುಕುಗಳನ್ನು ಇದು ಅಳೆಯುತ್ತದೆ. ಸಂಶಯ ಕಡಿಮೆಯಿದ್ದು ಫಲಿತಾಂಶವೂ ಮಿತಿಯೊಳಗಿದ್ದರೆ ಹೆಪ್ಪಿಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಆದರೆ ಮಿತಿ ಮೀರಿದ ಮಾತ್ರಕ್ಕೆ ಹೆಪ್ಪು ಇದೆಯೆಂದು ಹೇಳಲಾಗದು, ಏಕೆಂದರೆ ಸೋಂಕು, ಗಾಯ, ಗರ್ಭಧಾರಣೆ, ಕ್ಯಾನ್ಸರ್, ಶಸ್ತ್ರಚಿಕಿತ್ಸೆ ಮತ್ತು ವಯಸ್ಸು ಎಲ್ಲವೂ ಇದನ್ನು ಏರಿಸುತ್ತವೆ. ಕೊರೋನಾ ಕಾಲದಿಂದ ಈ ಹೆಸರು ಊರೂರಿಗೆ ಪರಿಚಿತವಾಗಿ, ಜನ ತಾವೇ ಲ್ಯಾಬಿಗೆ ಹೋಗಿ ಮಾಡಿಸಿಕೊಂಡು ಗಾಬರಿಯಾಗುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿರಿ. ಸಾಮಾನ್ಯ ಮಿತಿ ಪ್ರತಿ ಮಿಲಿಲೀಟರಿಗೆ 500 ನ್ಯಾನೋಗ್ರಾಂ ಎನ್ನುತ್ತಾರಾದರೂ 50 ದಾಟಿದವರಲ್ಲಿ ವಯಸ್ಸನ್ನು 10ರಿಂದ ಗುಣಿಸಿ ಮಿತಿ ಹಿಡಿಯುವ ಕ್ರಮವಿದೆ. 70 ವರ್ಷದ ಅಜ್ಜನಿಗೆ ಅದು 700 ಆಗುತ್ತದೆ. ಅಳತೆಯ ಮಾನವೂ ಲ್ಯಾಬಿನಿಂದ ಲ್ಯಾಬಿಗೆ ಬೇರೆಯಾಗುವುದರಿಂದ ಬರಿಯ ಅಂಕಿಯನ್ನು ನೋಡಿ ತೀರ್ಮಾನಿಸಲಾಗದು.

ಅಂಕ ಹೆಚ್ಚಿದ್ದರೆ ನೇರವಾಗಿ ಕಾಲಿನ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ. ಆರೋಗ್ಯವಂತ ಅಭಿಧಮನಿಯನ್ನು ಸ್ಕ್ಯಾನಿನ ಹಿಡಿಕೆಯಿಂದ ಒತ್ತಿದರೆ ಅದು ಚಪ್ಪಟೆಯಾಗುತ್ತದೆ, ಹೆಪ್ಪು ತುಂಬಿದ ನಾಳ ಚಪ್ಪಟೆಯಾಗುವುದಿಲ್ಲ. ಪರೀಕ್ಷೆಯ ತಿರುಳು ಇಷ್ಟೇ. ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣದೆಯೂ ಸಂಶಯ ಉಳಿದರೆ ಸುಮಾರು ಒಂದು ವಾರದಲ್ಲಿ ಮತ್ತೊಮ್ಮೆ ಬರಹೇಳುತ್ತಾರೆ. ಆ ಎರಡನೆಯ ಭೇಟಿಯನ್ನು ತಪ್ಪಿಸಬಾರದು.

ಇದ್ದಕ್ಕಿದ್ದಂತೆ ದಮ್ಮು ಹತ್ತಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಆಗ ಶ್ವಾಸಕೋಶದ ರಕ್ತನಾಳಗಳು ಎದ್ದು ಕಾಣುವಂತೆ ಕೈಯ ರಕ್ತನಾಳಕ್ಕೆ ಔಷಧ ಹಾಯಿಸಿ ಸಿಟಿ ಆಂಜಿಯೋಗ್ರಾಂ ತೆಗೆಯುತ್ತಾರೆ. ಮೂತ್ರಪಿಂಡದ ತೊಂದರೆ, ಔಷಧದ ಅಲರ್ಜಿ, ಗರ್ಭ ಹಾಗೂ ಸಕ್ಕರೆ ಕಾಯಿಲೆಯ ಗುಳಿಗೆಗಳ ಬಗ್ಗೆ ಮೊದಲೇ ತಿಳಿಸಬೇಕು. ಶಬ್ದತರಂಗದಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯಲ್ಲಿ ಅದರ ಬಲ ಕೆಳಕೋಣೆ ಉಬ್ಬಿ ದಣಿದಿರುವುದು ಕಂಡರೆ ಅಪಾಯ ಹೆಚ್ಚೆಂದು ಅರ್ಥ.

ಹೃದಯಾಘಾತಕ್ಕೂ ಬಹುತೇಕ ಹೆಪ್ಪೇ ಕಾರಣ, ಆದರೆ ಅದು ಕಟ್ಟುವುದು ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಅಪಧಮನಿಯಲ್ಲಿ, ಕೊಬ್ಬಿನ ಪದರ ಒಡೆದ ಜಾಗದಲ್ಲಿ. "ಗ್ಯಾಸ್ ಆಗೈತಿ" ಎಂದು ಸೋಡಾ ಕುಡಿದು ಕಾಯುವ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಎದೆ ಬಿಗಿದು, ತಣ್ಣನೆ ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ಕೂಡಲೇ 108ಕ್ಕೆ ಕರೆ ಮಾಡಿರಿ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿ ದಣಿವು, ದಮ್ಮು ಕಾಣಿಸಬಹುದು. ಆಸ್ಪತ್ರೆ ಸೇರಿದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಲೋಕದ ನಿಯಮ. ಮನೆಯವರು ಅದನ್ನು ವಿನಯದಿಂದಲೇ, ಆದರೆ ಒತ್ತಿ ಕೇಳಬಹುದು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವ ಮತ್ತು ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇರುವುದರಿಂದ, ಹಳ್ಳಿಯವರು ಮೊದಲು ಬೆಳಗಾವಿಯನ್ನೇ ಮುಟ್ಟಬೇಕೆಂದು ದಾರಿಯಲ್ಲಿ ಹೊತ್ತು ಕಳೆಯಬಾರದು. ಮೊದಲ ಇಸಿಜಿ ಸರಿಯಿದ್ದರೂ ಅದನ್ನು ಮತ್ತೆ ತೆಗೆಯುವುದುಂಟು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಎಂಬ ಅಂಶದ ಪರೀಕ್ಷೆಯನ್ನೂ ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡುತ್ತಾರೆ, ಏಕೆಂದರೆ ಅದು ರಕ್ತದಲ್ಲಿ ಏರಲು ಸಮಯ ಹಿಡಿಯುತ್ತದೆ. ಇದು ಬಿಲ್ ಹೆಚ್ಚಿಸುವ ಉಪಾಯವಲ್ಲ.

ನಾಡಿ ತಾಳ ತಪ್ಪಿ ಬಡಿಯುವವರಲ್ಲಿ, ಅದರಲ್ಲೂ ಬಾಲ್ಯದ ಕೀಲುವಾತ ಜ್ವರದಿಂದ ಹೃದಯದ ಕವಾಟ ಕಿರಿದಾದವರಲ್ಲಿ, ಎಡ ಮೇಲ್ಕೋಣೆಯಲ್ಲಿ ಹೆಪ್ಪು ಕಟ್ಟಿ ಮಿದುಳಿಗೆ ಹಾರಬಹುದು. ತಾಳ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದರೆ 24 ಗಂಟೆ ಮೈಮೇಲೆ ಧರಿಸುವ ಹೋಲ್ಟರ್ ಯಂತ್ರ ಅದನ್ನು ಹಿಡಿದುಕೊಡಬಹುದು. ಆ ಮೇಲ್ಕೋಣೆಯ ಹೆಪ್ಪನ್ನು ಸ್ಪಷ್ಟವಾಗಿ ನೋಡಲು ಅನ್ನನಾಳದೊಳಗೆ ನಳಿಗೆ ಇಳಿಸಿ ಎಕೋ ಮಾಡುತ್ತಾರೆ.

ಬಾಣಂತಿಯರ ಮಾತು ಬೇರೆಯಾಗಿಯೇ ಹೇಳಬೇಕು. ಹೆರಿಗೆಯ ನಂತರದ 6 ವಾರ ರಕ್ತ ಸುಲಭವಾಗಿ ಹೆಪ್ಪುಗಟ್ಟುವ ಕಾಲ. ಅದೇ ಹೊತ್ತಿಗೆ ನೀರು ಕಡಿಮೆ ಕೊಟ್ಟು ಮಲಗಿಸಿಯೇ ಇಡುವ ರೂಢಿ ಅಪಾಯವನ್ನು ಹೆಚ್ಚಿಸುತ್ತದೆ. ಬಿಡದ ತಲೆನೋವು, ಫಿಟ್ಸ್ ಕಂಡರೆ ಮಿದುಳಿನ ಅಭಿಧಮನಿಯ ಹೆಪ್ಪಿಗಾಗಿ ಎಂಆರ್‌ಐ ವೀನೋಗ್ರಫಿ ಬೇಕಾಗಬಹುದು. ಹಿರಿಯರು ಇದನ್ನು ದೃಷ್ಟಿಯೆಂದು ನಿವಾಳಿಸಿ ದಿನ ಕಳೆಯಬಾರದು.

ಹೆಪ್ಪು ಖಚಿತವಾದ ಮೇಲೆ ಕೆಲವರು "ರಕ್ತದಾಗ ಏನ್ ದೋಷ ಐತಿ, ಎಲ್ಲಾ ಟೆಸ್ಟ್ ಮಾಡ್ರಿ" ಎಂದು ಒತ್ತಾಯಿಸುತ್ತಾರೆ. ರಕ್ತ ಹೆಪ್ಪುಗಟ್ಟುವುದಕ್ಕೆ ಕಡಿವಾಣ ಹಾಕುವ ಪ್ರೋಟೀನ್ ಸಿ ಮತ್ತು ಎಸ್ ಪರೀಕ್ಷೆಗಳನ್ನು ಹೆಪ್ಪು ಹೊಸದಾಗಿರುವಾಗ ಅಥವಾ ಹೆಪ್ಪು ತಡೆಯುವ ವಾರ್ಫರಿನ್ ಗುಳಿಗೆ ನುಂಗುತ್ತಿರುವಾಗ ಮಾಡಿದರೆ ಇಲ್ಲದ ಕೊರತೆ ಇದ್ದಂತೆ ತೋರುತ್ತದೆ. ಕನಿಷ್ಠ 3 ತಿಂಗಳ ಚಿಕಿತ್ಸೆ ಮುಗಿದ ಮೇಲೆ, ಅಗತ್ಯವಿದ್ದವರಿಗೆ ಮಾತ್ರ, ಆ ಗುಳಿಗೆಯನ್ನು ನಿಲ್ಲಿಸಿ ಕೆಲವು ವಾರ ಕಳೆದು ವೈದ್ಯರೇ ಅವನ್ನು ಬರೆದುಕೊಡುತ್ತಾರೆ.