ಎರಡು ಬೀಡಿ ಮುಗಿಯುವವರೆಗೆ

ನಮ್ಮ ಕೊಡವರ ಆಯುಧಪೂಜೆಯ ಹಬ್ಬ, ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಕೋವಿ ಇಳಿಸಿ, ನಳಿಗೆಗೆ ಎಣ್ಣೆಬಟ್ಟೆ ಹಾಕಿ ಒರೆಸುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಹೋದ ವರ್ಷ ಪಕ್ಕದಲ್ಲಿ ಕೂತಿದ್ದ ಮೊಮ್ಮಗ, "ಅಜ್ಜ, ಇದರಲ್ಲಿ ಎಷ್ಟು ಹೊಡೆದಿದ್ದೀರಿ?" ಅಂತ ಕೇಳಿದ. ಹಂದಿ ಬಿಟ್ಟು, ಕಡವೆ, ಜಿಂಕೆ, ಕಾಡುಕುರಿ ಸೇರಿ ಏಳು ಅಂದೆ. ಎಂಟನೆಯದು ಒಂದಿದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು 1967ರಿಂದ ತೀರ್ಮಾನ ಮಾಡಲಾಗಿಲ್ಲ.

ಇದೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಹಿಂದಿನ ಮಾತು. ಆಮೇಲೆ ಈ ಕೋವಿಯಿಂದ ಹೊರಟ ಗುಂಡೆಲ್ಲ ಹಬ್ಬದ ತೆಂಗಿನಕಾಯಿಗೆ, ಇಲ್ಲವೇ ಆಕಾಶಕ್ಕೆ: ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ನಮಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಬೇಟೆಗೆ ಇಲ್ಲ. ಇವೆರಡನ್ನೂ ಬೆರೆಸಿ ಮಾತಾಡುವವರು ನಮ್ಮವರಲ್ಲೇ ಇದ್ದಾರೆ, ಅವರ ಹತ್ತಿರ ನಾನು ವಾದಕ್ಕೆ ಹೋಗುವುದಿಲ್ಲ.

ಕೋವಿ ಹಿಡಿಯಲು ಕಲಿಸಿದವರು ಅಪ್ಪ. ಗುಂಡು ಹಾರಿದ ಮೇಲೆ ಏನು ಮಾಡಬೇಕೆಂದು ಕಲಿಸಿದವರು ನಮ್ಮ ತೋಟದ ಕೆಲಸಗಾರರ ಲೈನಿನಲ್ಲಿದ್ದ ಒಬ್ಬ ಜೇನುಕುರುಬ ಹಿರಿಯರು. ಆಗ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ. ಕೋವಿ ಮುಟ್ಟಿದವರಲ್ಲ ಅವರು. ಗುಂಡಿನ ಸದ್ದಾದ ಕೂಡಲೇ ಎಲ್ಲರೂ ಓಡಲು ಹೊರಟರೆ, ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದರು.

ನಾನು ಮೊದಲು ಹೊಡೆದದ್ದು ಜಿಂಕೆ. 1965, ತಿತಿಮತಿ ಕಡೆಯ ಕಾಡಂಚು, ನನಗೆ ಹದಿನೇಳು. ಮೂವತ್ತು ಗಜವೂ ಇರಲಿಲ್ಲ. ಗುಂಡು ಹಾರಿದ್ದೇ ಅದು ಮೇಲಕ್ಕೆ ನೆಗೆದು, ಹಾಲು ಕುಡಿದ ಕರುವಿನ ಹಾಗೆ ಹಿಂಗಾಲೆರಡನ್ನೂ ಝಾಡಿಸಿ ಒದೆದು, ಬಾಲ ಕೆಳಗೆ ಹಾಕಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ ಓಡಿಹೋಯಿತು. ತಪ್ಪಿತು ಅಂದುಕೊಂಡೆ. ಅಪ್ಪನೂ ಹಾಗೇ ಅಂದುಕೊಂಡು ಬೈದರು. ಹಿರಿಯರು ಮಾತ್ರ, "ಒದ್ದದ್ದು ನೋಡಲಿಲ್ಲವಾ? ಎದೆಗೆ ಬಿದ್ದಿದೆ" ಅಂದರು. ತಪ್ಪಿಸಿಕೊಂಡದ್ದು ಸ್ವಲ್ಪ ದೂರ ಓಡಿ ನಿಂತು ತಿರುಗಿ ನೋಡುತ್ತದೆ, ಕಡವೆಯಾದರೆ ಹೆಚ್ಚಾಗಿ ಬಾಲ ಎತ್ತಿ, ಕಾಲು ಅಪ್ಪಳಿಸಿ, 'ಪೋಂಕ್' ಎಂದು ಕೂಗುತ್ತದೆ. ಪೆಟ್ಟು ಬಿದ್ದದ್ದು ಕೂಗುವುದಿಲ್ಲ. ಇದು ಅವರ ಲೆಕ್ಕ.

ಒಂದು ಬೀಡಿ ಮುಗಿಯಿತು. ಎದ್ದು ಹೋದೆವು. ಹತ್ತು ಹೆಜ್ಜೆಗೆ ರಕ್ತದ ಹನಿ, ಇಪ್ಪತ್ತಕ್ಕೆ ಪಿಚಕಾರಿ ಹೊಡೆದಂತೆ ಲಂಟಾನದ ಮೇಲೆ. ತಿಳಿಗೆಂಪು, ಅದರಲ್ಲಿ ಆಗ ತಾನೇ ಕರೆದ ಹಾಲಿನಂಥ ಸಣ್ಣ ನೊರೆ. ನೊರೆ ಇದ್ದರೆ ಶ್ವಾಸಕೋಶ. ಎಪ್ಪತ್ತು ಹೆಜ್ಜೆಯಲ್ಲಿ ಜಿಂಕೆ ಬಿದ್ದಿತ್ತು. ಅಗಿಯುತ್ತಿದ್ದ ಹುಲ್ಲು ಹಲ್ಲಿನ ನಡುವೆ ಹಾಗೇ ಇತ್ತು.

ಎದೆ ಒಡೆದ ಪ್ರಾಣಿ ಓಡುವುದು ಹೇಗೆ ಅಂತ ಎಷ್ಟೋ ವರ್ಷಗಳ ನಂತರ ಒಬ್ಬ ಪಶುವೈದ್ಯ ಮಿತ್ರರನ್ನು ಕೇಳಿದೆ. ಹೃದಯ ನಿಂತರೂ ಮಿದುಳಿನಲ್ಲಿ ಆಗಲೇ ಇರುವ ಆಮ್ಲಜನಕ ಹತ್ತು-ಹದಿನೈದು ಸೆಕೆಂಡ್ ಸಾಕಾಗುತ್ತದಂತೆ. ಜಿಂಕೆಗೆ ಅಷ್ಟು ಹೊತ್ತು ಅಂದರೆ ನೂರು ಮೀಟರ್ ಲೀಲಾಜಾಲ. ಓಡಿದ್ದು ಬದುಕಿತು ಅಂತಲ್ಲ.

ಬಿದ್ದದ್ದು ಸತ್ತಿತು ಅಂತಲೂ ಅಲ್ಲ. ನನ್ನ ದೊಡ್ಡಪ್ಪನ ಮಗ ಒಮ್ಮೆ ಹೆಣ್ಣು ಕಡವೆಗೆ ಹೊಡೆದ. ನಿಂತಲ್ಲೇ ಕಾಲು ಕಡಿದಂತೆ ಕುಸಿಯಿತು. ನಮ್ಮಲ್ಲಿ ಮೊದಲು ಬಾಲ ಮುಟ್ಟಿದವನಿಗೆ ಮಾಂಸದಲ್ಲಿ ಒಂದು ಪಾಲು ಇತ್ತು. ಹೊಡೆದವನ ಪಾಲಿನ ಜೊತೆ ಅದೂ ಇರಲಿ ಎಂದು ಕೋವಿಯನ್ನು ಮರಕ್ಕೆ ಒರಗಿಸಿ ಓಡಿದ. ಬಾಲಕ್ಕೆ ಕೈ ಹಾಕಿದ್ದಷ್ಟೇ, ಕಡವೆ ಎದ್ದು ಅವನ ತೊಡೆಗೊಂದು ಕೊಟ್ಟು ಹೋಯಿತು. ಗುಂಡು ಬೆನ್ನುಹುರಿಯ ಮೇಲಿನ ಏಣನ್ನಷ್ಟೇ ಸವರಿಕೊಂಡು ಹೋಗಿತ್ತು. ಆ ಅದುರಿಗೆ ಒಂದು ಗಳಿಗೆ ಮೈ ಮರಗಟ್ಟುತ್ತದೆ, ಅಷ್ಟೆ. ನೆಲದಲ್ಲಿ ಉಳಿದದ್ದು ನಾಲ್ಕು ಹನಿ ರಕ್ತ, ಒಂದು ಹಿಡಿ ಒರಟು ಕಪ್ಪು ಕೂದಲು. ಬೆನ್ನಿನ ಕೂದಲು ಹಾಗಿರುತ್ತದೆ. ಹೊಟ್ಟೆಯಡಿಯದು ತೆಳು, ಮಾಸಲು. ಗುಂಡು ಎಲ್ಲಿ ಬಿತ್ತೆಂದು ರಕ್ತಕ್ಕಿಂತ ಮೊದಲು ಕೂದಲು ಹೇಳುತ್ತದೆ.

ಇನ್ನು ಎಂಟನೆಯದು.

1967, ಕೈಲ್ ಪೊಳ್ದ್ ಮಾರನೆಯ ದಿನ. ನಮ್ಮ ಬಾಣೆಯ, ಅಂದರೆ ಗದ್ದೆಗೆ ಸೇರಿದ ಕಾಡುಜಾಗದ, ಮೇಲ್ಗಡೆ ಹಳೆಯ ಕಡಂಗ ಇದೆ. ರಾಜರ ಕಾಲದ ಆ ಕಂದಕದ ದಿಬ್ಬದ ಮೇಲೆ ನನ್ನನ್ನು ನಿಲ್ಲಿಸಿ, ಕೆಳಗಿನಿಂದ ನಾಯಿ ಬಿಟ್ಟು ಕಾಡು ಸೋಸಿದರು. ಜಿರಿಜಿರಿ ಮಳೆ. ಗಂಡು ಕಡವೆ ಹೊರಬಂತು. ಅರವತ್ತು ಗಜ ಇತ್ತು. ನನ್ನ ಹನ್ನೆರಡು ಬೋರಿನ ಕೋವಿಯಲ್ಲಿದ್ದದ್ದು ಎಲ್‌ಜಿ ತೋಟಾ, ಆರು ದಪ್ಪ ಗುಂಡಿನದು. ನಲವತ್ತು ಗಜ ದಾಟಿದರೆ ಆ ಆರೂ ಆರು ದಾರಿ ಹಿಡಿಯುತ್ತವೆ. ಗೊತ್ತಿದ್ದೂ ಕೋವಿಯ ಕುದುರೆ ಎಳೆದೆ.

ಒದ್ದೆ ಗೋಣಿಗೆ ಬಡಿದ ಹಾಗೆ 'ಬುಡ್' ಎಂದು ಸದ್ದು. ಕಡವೆ ನೆಗೆಯಲಿಲ್ಲ, ಒದೆಯಲಿಲ್ಲ. ಹೊಟ್ಟೆನೋವು ಬಂದ ದನದ ಹಾಗೆ ಬೆನ್ನು ಡೊಂಕು ಮಾಡಿ ಒಂದು ನಿಮಿಷ ನಿಂತಿತು. ಆಮೇಲೆ ಹಿಂಗಾಲು ಅಗಲಿಸಿಕೊಂಡು ಮೆಲ್ಲಗೆ ನಡೆದು ಪೊದೆಯೊಳಗೆ ಹೋಯಿತು. ಆ ನಡಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹಿರಿಯರು ಬೀಡಿ ತೆಗೆಯಲೇ ಇಲ್ಲ. "ಇದಕ್ಕೆ ಬೀಡಿ ಸಾಲದು. ಮನೆಗೆ ಹೋಗಿ ಉಂಡು, ಮಲಗಿ, ಸಂಜೆಗೆ ಬನ್ನಿ" ಅಂದರು. ಎದೆಗೆ ಬಿದ್ದರೆ ಒಂದು ಬೀಡಿ, ಅನುಮಾನವಿದ್ದರೆ ಎರಡು, ಹೊಟ್ಟೆಗೆ ಬಿದ್ದರೆ ಅರ್ಧ ದಿನ. ಹೊಟ್ಟೆಗೆ ಬಿದ್ದದ್ದು ಬೇಗ ಸಾಯುವುದಿಲ್ಲ. ಹಿಂದೆ ಯಾರೂ ಇಲ್ಲ ಅನಿಸಿದರೆ ಇನ್ನೂರು-ಮುನ್ನೂರು ಗಜದಲ್ಲೇ ಮಲಗುತ್ತದೆ, ಮಲಗಿದಲ್ಲೇ ಸೋಲುತ್ತದೆ. ಬೆನ್ನಟ್ಟಿದರೆ ಮೈಲಿಗಟ್ಟಲೆ ನಡೆಯುತ್ತದೆ.

ನನಗೆ ಮಳೆಯದೇ ಚಿಂತೆ. ಸಂಜೆಯ ತನಕ ಕಾದರೆ ರಕ್ತವೆಲ್ಲ ತೊಳೆದುಹೋಗುತ್ತದಲ್ಲ? ಹತ್ತೊಂಬತ್ತು ವರ್ಷದವನಿಗೆ ಅದೇ ದೊಡ್ಡ ಬುದ್ಧಿವಂತಿಕೆ. ಅವರು ಅತ್ತ ತಿರುಗುತ್ತಲೇ ನಾನು ಇತ್ತ ಇಳಿದೆ.

ನಿಂತಿದ್ದ ಜಾಗದಲ್ಲಿ ಮಾಸಲು ಕೂದಲು. ಮುಂದೆ ಕಾಫಿ ಎಲೆಯ ಮೇಲೆ ಕಂದು ರಕ್ತ, ಅದರಲ್ಲಿ ಅರೆದ ಹಸಿರು, ಮೂಗಿಗೆ ಸಗಣಿ ಹುಳಿತ ವಾಸನೆ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಚೀಲ ತೂತಾಗಿತ್ತು. ಇನ್ನೂರು ಗಜ ಹೋದರೆ ಜರೀಗಿಡ ಚಪ್ಪಟೆಯಾಗಿ ಬಿದ್ದಿತ್ತು. ಅಂಗೈ ಇಟ್ಟೆ. ಬೆಚ್ಚಗಿತ್ತು. ಹಿರಿಯರು ಹೇಳಿದಂತೆ ಅದು ಮಲಗಿತ್ತು, ನಾನು ಎಬ್ಬಿಸಿದ್ದೆ.

ಅಲ್ಲಿಂದ ಮುಂದೆ ಜಾಡೇ ಇಲ್ಲ. ಹುಡುಕಿ ಹುಡುಕಿ ಕೊನೆಗೆ ಒಂದು ಎಲೆಯ ಮೇಲೆ ಕೆಂಪು ಹನಿ. ಆಚೆ ಇನ್ನೊಂದು, ಮತ್ತೊಂದು. ಚೆನ್ನಾಗಿ ಸಿಕ್ಕಿತು ಎಂದು ಬಗ್ಗಿ ಬಗ್ಗಿ ಹೋಗುತ್ತಿದ್ದೇನೆ, ಹಿರಿಯರು ಎದುರಿಗೆ ನಿಂತಿದ್ದಾರೆ. ಎಲೆ ನೋಡಲಿಲ್ಲ, ನನ್ನ ಕಾಲು ನೋಡಿದರು. "ಅದು ನಿನ್ನದೇ." ಜಿಗಣೆ ಕಚ್ಚಿ ಬಿಟ್ಟ ಜಾಗದಿಂದ ರಕ್ತ ನಿಲ್ಲದೆ ಇಳಿಯುತ್ತಿತ್ತು. ಕಾಲು ಗಂಟೆಯಿಂದ ನನ್ನ ಹಿಂದೆ ನಾನೇ ಸುತ್ತುತ್ತಿದ್ದೆ.

ಕಡವೆಯ ಗೊರಸಿನ ಗುರುತು ಅವರಿಗೇ ಸಿಕ್ಕಿತು. ಅದು ನೇರ ದೇವರಕಾಡಿನೊಳಗೆ ಹೋಗಿತ್ತು. ಒಳಗಡೆ ಅಯ್ಯಪ್ಪನ ಕಲ್ಲು, ಸುತ್ತ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು, ಕಿವಿ ಮುರಿದವು, ಪಾಚಿ ಹಿಡಿದವು. ಬೇಟೆಗಾರರು ಬೇಟೆ ಸಿಗಲೆಂದು ಹರಕೆ ಹೇಳಿಕೊಳ್ಳುವುದು ಅಲ್ಲೇ, ಬೇಟೆ ಆಡಬಾರದ್ದೂ ಅಲ್ಲೇ. ಅಷ್ಟರಲ್ಲಿ ಅಪ್ಪ ಬಂದರು. "ಅದರೊಳಗೆ ಹೋದದ್ದು ನಮ್ಮದಲ್ಲ" ಅಂದು ಕೋವಿ ಕಸಿದುಕೊಂಡರು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮೂರನೆಯ ದಿನ ಕಾಗೆ ಕೂಗಿದ್ದು ನೋಡಿ ಹಿರಿಯರು ಕರೆದುಕೊಂಡು ಹೋದರು. ದೇವರಕಾಡು ದಾಟಿದ ಮೇಲೆ ಇಳಿಜಾರಿನಲ್ಲಿ ಒಂದು ತೋಡು. ಕಡವೆ ಮುಂಗಾಲೆರಡೂ ನೀರಿನೊಳಗೆ, ಮೂತಿ ದಡದಲ್ಲಿ. ಹೊಟ್ಟೆಗೆ ಬಿದ್ದದ್ದು ನೀರು ಹುಡುಕುತ್ತದೆ, ಕೊನೆಗೆ ಅಲ್ಲೇ ನೋಡಬೇಕು ಎಂದು ಅವರು ಮೊದಲೇ ಹೇಳಿದ್ದರು. ಕೈಯಿಂದ ಕೊರಳು ಮುಟ್ಟಿ, ಕೀಲು ಅಲ್ಲಾಡಿಸಿ ನೋಡಿ, "ನಿನ್ನೆ ಸಂಜೆ" ಅಂದರು. ನಾನು ಗುಂಡು ಹೊಡೆದದ್ದು ಅದರ ಹಿಂದಿನ ದಿನ ಬೆಳಿಗ್ಗೆ.

ಆಮೇಲೆ ಯಾವ ಜಿಂಕೆಗೂ ಕೋವಿ ಎತ್ತಲಿಲ್ಲ. ಕಾಯ್ದೆ ಬರುವ ಹೊತ್ತಿಗೆ ಬಿಟ್ಟು ಐದು ವರ್ಷವಾಗಿತ್ತು. ಕಲಿತದ್ದು ಮಾತ್ರ ಮರೆಯಲಿಲ್ಲ.

ನಾಲ್ಕು ವರ್ಷದ ಕೆಳಗೆ ಅರಣ್ಯದ ಇಬ್ಬರು ವಾಚರ್ ಹುಡುಗರು ಮನೆಗೆ ಬಂದರು. ರಾತ್ರಿ ಗುಂಡಿನ ಸದ್ದು ಕೇಳಿತ್ತಂತೆ, ನಮ್ಮ ತೋಟದ ಬೇಲಿಯಲ್ಲಿ ರಕ್ತ ಇದೆಯಂತೆ. ಹೋಗಿ ನೋಡಿದೆ. ಮಾಸಲು ಕೂದಲು, ಕಂದು ಬಣ್ಣ, ಅದೇ ಹುಳಿ ವಾಸನೆ. ಹುಡುಗರು ಜಾಡು ಹಿಡಿದು ಹೊರಟೇಬಿಟ್ಟಿದ್ದರು, ತಡೆದೆ. ಮೊದಲು ಡಾಕ್ಟರ್ ಬರಲಿ, ಹಿಂದಿನಿಂದ ಯಾರೂ ಹೋಗುವುದು ಬೇಡ, ಆಮೇಲೆ ತೋಡಿನ ಕಡೆಯಿಂದ ಹತ್ತೋಣ ಅಂದೆ. ಬೀಡಿ ಸೇದುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಬಂಡೆಯ ಮೇಲೆ ಕೂತು ಮೊಬೈಲಿನಲ್ಲಿ ಗಂಟೆ ನೋಡಿದೆವು. ಡಾಕ್ಟರ್ ಬರುವಾಗ ಮೂರೂವರೆ ಗಂಟೆ ಕಳೆದಿತ್ತು.

ಹೆಣ್ಣು ಕಡವೆ. ನೀರಿನಿಂದ ಹತ್ತು ಗಜ ಮೇಲೆ, ಏಲಕ್ಕಿ ಮಟ್ಟುಗಳ ನಡುವೆ ತಲೆ ಎತ್ತಿಕೊಂಡು ಮಲಗಿತ್ತು. ಕಿವಿ ನಮ್ಮ ಕಡೆ ತಿರುಗಿತು. ಏಳಲಿಲ್ಲ. ಡಾಕ್ಟರ್ ಚುಚ್ಚುಮದ್ದು ಕೊಟ್ಟು, ಗಾಯ ಬಿಡಿಸಿ ನೋಡಿ, ತಲೆ ಆಡಿಸಿದರು. ಡ್ರಿಪ್ ಬಾಟಲಿಯನ್ನು ಒಬ್ಬ ಹುಡುಗ ಕತ್ತಲಾಗುವವರೆಗೂ ಕೈ ಬದಲಿಸದೆ ಎತ್ತಿ ಹಿಡಿದಿದ್ದ. ಎಂಟು ಗಂಟೆಯ ಹೊತ್ತಿಗೆ ಉಸಿರು ನಿಂತಿತು.

ಮರುದಿನ ಪೋಸ್ಟ್‌ಮಾರ್ಟಂ ಮಾಡುವಾಗ ನನ್ನನ್ನೂ ಕರೆದರು. ಒಳಗೆ ಸಿಕ್ಕಿದ ಗುಂಡನ್ನು ಡಾಕ್ಟರ್ ತೊಳೆದು ಸ್ಟೀಲ್ ತಟ್ಟೆಗೆ ಹಾಕಿದರು. ಟಣ್ ಅಂತು. ಎಲ್‌ಜಿ. ಒಂದೇ ಒಂದು.