ಸಪೋಟ ಮಿಲ್ಕ್‌ಶೇಕ್: ನಾನು ಮನೆಯಲ್ಲಿ ಮಾಡುವ ಬಗೆ

ಮಿಲ್ಕ್‌ಶೇಕ್ ಗಟ್ಟಿಯಾಗಿ ಬರಬೇಕಾದರೆ ಐಸ್‌ಕ್ರೀಮ್ ಹಾಕಲೇಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಹಾಕುವುದಿಲ್ಲ. ಹಣ್ಣು ಸರಿಯಾಗಿ ಮಾಗಿರಬೇಕು, ಹಾಲು ಕೊರೆಯುವಷ್ಟು ತಣ್ಣಗಿರಬೇಕು. ಮಂಡ್ಯದ ನಮ್ಮ ಮನೆಯಲ್ಲಿ ಬೇಸಿಗೆ ಪೂರ್ತಿ ಸಪೋಟ ಮಿಲ್ಕ್‌ಶೇಕ್ ಆಗುವುದು ಈ ಎರಡನ್ನೇ ನಂಬಿಕೊಂಡು.

ಮೊದಲು ಹಣ್ಣು. ಮಾರ್ಕೆಟ್‌ನಲ್ಲಿ ಹಣ್ಣಿನವರು "ಅಕ್ಕಾ, ಇವತ್ತಿಗಾ, ನಾಳಿದ್ದಿಗಾ?" ಅಂತ ಕೇಳುತ್ತಾರೆ. ನಾನು ನಾಳಿದ್ದಿಗೇ ಕೊಡಿ ಅನ್ನುತ್ತೇನೆ. ಇವತ್ತಿಗೆ ಅಂತ ಇಟ್ಟಿರುವ ಹಣ್ಣನ್ನು ಬಂದವರೆಲ್ಲ ಅಮುಕಿ ನೋಡಿರುತ್ತಾರೆ. ಒಂದು ಕಡೆ ಕೊಳೆತಷ್ಟು ಮೆತ್ತಗೆ, ಇನ್ನೊಂದು ಕಡೆ ಕಾಯಿ. ಗಟ್ಟಿ ಹಣ್ಣನ್ನೇ ಆರಿಸಿ, ಉಗುರಿನಿಂದ ಸಿಪ್ಪೆ ಚೂರು ಕೆರೆದು ನೋಡಿ. ಹಸಿರು ಕಂಡರೆ ಅದು ಇನ್ನೂ ಬಲಿತಿಲ್ಲ, ಮನೆಗೆ ತಂದು ಇಟ್ಟರೂ ಒಳ್ಳೆ ಸಿಹಿ ಬರುವುದಿಲ್ಲ. ಹಳದಿ ಕಂಡರೆ ತಗೊಳ್ಳಿ. ದುಂಡಗೆ ದೊಡ್ಡದಾಗಿರುವುದು ಕ್ರಿಕೆಟ್ ಬಾಲ್ ತಳಿ, ಮೊಟ್ಟೆ ಆಕಾರದ್ದು ಕಾಲಿಪಟ್ಟಿ. ಸಿಹಿ ಕಾಲಿಪಟ್ಟಿಗೇ ಜಾಸ್ತಿ.

ತಂದ ಹಣ್ಣನ್ನು ಅಕ್ಕಿ ಡಬ್ಬದಲ್ಲಿ ಹೂತಿಡುತ್ತೇನೆ. ನಮ್ಮತ್ತೆ ಮಾಡುತ್ತಿದ್ದದ್ದೂ ಇದನ್ನೇ. ಮಾಗುವ ಹಣ್ಣಿನಿಂದ ಎಥಿಲೀನ್ ಅನ್ನುವ ಅನಿಲ ಹೊರಬರುತ್ತದೆ. ಅದು ಡಬ್ಬದೊಳಗೇ ಉಳಿದು ಉಳಿದ ಹಣ್ಣುಗಳನ್ನೂ ಮಾಗಿಸುತ್ತದೆ. ಕಾಯಿ ಇರುವಾಗ ಮಾತ್ರ ಫ್ರಿಜ್‌ಗೆ ಇಡಬೇಡಿ, ಆ ಚಳಿಗೆ ಅದು ಸರಿಯಾಗಿ ಮಾಗುವುದೇ ಇಲ್ಲ. ಎಲ್ಲಾ ಕಡೆ ಒಂದೇ ಸಮ ಮೆತ್ತಗಾಗಿ, ಡಬ್ಬದ ಮುಚ್ಚಳ ತೆಗೆದ ಕೂಡಲೇ ಘಮ್ ಅಂದರೆ ಹಣ್ಣು ಸಿದ್ಧ. ಅರ್ಧ ಮಾಗಿದ ಸಪೋಟದಲ್ಲಿ ಒಗರೂ ಇರುತ್ತದೆ, ಅಂಟೂ ಇರುತ್ತದೆ. ಎಷ್ಟು ಸಿಹಿ ಸುರಿದರೂ ಆ ಒಗರು ಹೋಗಲ್ಲ. ಹಾಗಾಗಿ ಇನ್ನೊಂದು ದಿನ ಕಾಯುವುದೇ ಮೇಲು.

ಮೂರು ಲೋಟಕ್ಕೆ ನಾನು ಹಿಡಿಯುವ ಅಳತೆ: ಮಧ್ಯಮ ಗಾತ್ರದ 4 ಹಣ್ಣು, 400 ಮಿಲಿ ಹಾಲು. ಹಾಲನ್ನು ಹಿಂದಿನ ರಾತ್ರಿಯೇ ಕಾಯಿಸಿ, ಆರಿಸಿ, ಮುಕ್ಕಾಲು ಪಾಲು ಫ್ರಿಜ್‌ನಲ್ಲಿಟ್ಟು ಉಳಿದ ಕಾಲು ಪಾಲನ್ನು ಐಸ್ ಟ್ರೇಗೆ ಸುರಿಯುತ್ತೇನೆ. ನೀರಿನ ಐಸ್ ಹಾಕಿದರೆ ಕರಗುತ್ತಾ ಕರಗುತ್ತಾ ಶೇಕ್ ತೆಳ್ಳಗಾಗುತ್ತದೆ. ಹಾಲಿನ ಐಸ್ ಕರಗಿದರೆ ಬರುವುದು ಹಾಲೇ ಅಲ್ವಾ? ಮೇಲೆ ಕಟ್ಟಿದ ಕೆನೆಯನ್ನು ಮರೆಯದೆ ತೆಗೆದಿಡಿ. ತಣ್ಣನೆ ಕೆನೆ ಮಿಕ್ಸಿಯಲ್ಲಿ ತಿರುಗಿದರೆ ಬೆಣ್ಣೆ ಕಾಳುಕಾಳಾಗಿ ತೇಲುತ್ತದೆ.

ಸಿಹಿಗೆ ನನ್ನದು ಬೆಲ್ಲ. ಮಂಡ್ಯದಲ್ಲಿದ್ದುಕೊಂಡು ಆಲೆಮನೆ ಬೆಲ್ಲ ಬಿಟ್ಟು ಬೇರೆ ಹುಡುಕುವುದು ನನಗೆ ಒಪ್ಪಿಗೆಯಿಲ್ಲ. ಸಪೋಟದ ಪರಿಮಳಕ್ಕೂ ಬೆಲ್ಲಕ್ಕೂ ತುಂಬಾ ಹೊಂದಿಕೆ. ಬೆಳ್ಳಗೆ ಹೊಳೆಯುವ ಬೆಲ್ಲ ನಾನು ತರುವುದಿಲ್ಲ. ಬಣ್ಣ ತಿಳಿಯಾಗಲಿ ಅಂತ ಕೆಲವರು ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ, ಅದಕ್ಕೇ ಕಂದು ಬಣ್ಣದ ಅಚ್ಚು ಆರಿಸುತ್ತೇನೆ. ಚೂರು ಬಿಸಿನೀರಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಿಸಿ ಇಟ್ಟರೆ ಆಯಿತು. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯ ಇದ್ದೇ ಇದೆ. ಎರಡೂ ತಣ್ಣಗಿದ್ದು, ಮಾಡಿದ ತಕ್ಷಣ ಕುಡಿದರೆ ಆ ತೊಂದರೆಯಿಲ್ಲ. ಎರಡು ಚಮಚ ಸಾಕು. ಕ್ರಿಕೆಟ್ ಬಾಲ್ ಹಣ್ಣಾದರೆ ಮೂರು.

ಇನ್ನು ಮಿಕ್ಸಿ ಕೆಲಸ ಐದು ನಿಮಿಷದ್ದು. ಸಿಪ್ಪೆ, ಬೀಜ ತೆಗೆದ ತಿರುಳನ್ನು ಕಾಲು ಲೋಟ ಹಾಲಿನ ಜೊತೆ ಮೊದಲು ನುಣ್ಣಗೆ ರುಬ್ಬಿಕೊಳ್ಳಿ. ಎಲ್ಲಾ ಹಾಲನ್ನೂ ಒಟ್ಟಿಗೇ ಸುರಿದರೆ ಹಣ್ಣು ಬ್ಲೇಡಿಗೆ ಸಿಗದೆ ಸುತ್ತುತ್ತಲೇ ಇರುತ್ತದೆ, ನೊರೆ ಮಾತ್ರ ಏಳುತ್ತದೆ. ಆಮೇಲೆ ಬೆಲ್ಲದ ನೀರು, ಉಳಿದ ಹಾಲು, ಹಾಲಿನ ಐಸ್, ಒಂದು ಚಿಟಿಕೆ ಉಪ್ಪು. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಜಾರ್ ಬಿಸಿಯಾಗಿ ತಂಪೆಲ್ಲ ಹೋಗುತ್ತದೆ. ಏಲಕ್ಕಿ ಹಾಕುವವರಿದ್ದಾರೆ, ನನಗೆ ಬೇಡ. ಸಪೋಟದ ವಾಸನೆಯನ್ನು ಅದು ಮುಚ್ಚಿಬಿಡುತ್ತದೆ. ಕುಡಿಯುವಾಗ ನಾಲಿಗೆಗೆ ಸಿಗುವ ಸಣ್ಣ ಮರಳುಮರಳು ಹಣ್ಣಿನ ಗುಣ, ಅದನ್ನು ಸೋಸಬೇಡಿ.

ಪಚ್ಚಬಾಳೆ, ಬಾದಾಮಿ ಮಾವು ಕೂಡ ಇದೇ ರೀತಿ ಬರುತ್ತವೆ. ಅನಾನಸ್, ಪರಂಗಿ ಹಣ್ಣನ್ನು ಮಾತ್ರ ಹಸಿಯಾಗಿ ಹಾಲಿಗೆ ಹಾಕಬೇಡಿ. ಅವುಗಳಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಸ್ವಲ್ಪ ಹೊತ್ತಿಗೇ ಕಹಿ ಬರುತ್ತದೆ. ಅನಾನಸ್ ಬೇಕೇ ಬೇಕು ಅಂದರೆ ಸಕ್ಕರೆ ಜೊತೆ ಬೇಯಿಸಿ, ಆರಿಸಿ ಹಾಕಿ.

ಡಬ್ಬದಲ್ಲಿ ಹಣ್ಣೆಲ್ಲ ಒಂದೇ ದಿನ ಮಾಗಿಬಿಟ್ಟರೆ ತಿರುಳು ಬಿಡಿಸಿ ಫ್ರೀಜರ್‌ನಲ್ಲಿಡಿ. ಅದರಿಂದ ಮಾಡುವ ದಿನ ಹಾಲಿನ ಐಸ್ ಬೇಕಾಗಿಲ್ಲ, 400 ಮಿಲಿ ಹಾಲನ್ನೂ ಫ್ರಿಜ್‌ನಿಂದಲೇ ಹಾಕಬಹುದು.